ಗಂಧದೆಣ್ಣೆ ಮತ್ತು ಹೇಳಿಕೊಳ್ಳಲಾಗದ ಕಾಯಿಲೆ

1914ರ ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಮೈಸೂರು ಸಂಸ್ಥಾನಕ್ಕೆ ಬಂದ ಮೊದಲ ತಲೆನೋವುಗಳಲ್ಲಿ ಒಂದು ಗಂಧದ ಕೋಠಿಗಳದು. ಪ್ರತಿ ವರ್ಷ ಹರಾಜಿನಲ್ಲಿ ಕೈಬದಲಾಗಿ ಮುಂಬಯಿಯ ದಾರಿಯಲ್ಲಿ ಹಡಗು ಹತ್ತುತ್ತಿದ್ದ ಶ್ರೀಗಂಧದ ಕೊರಡುಗಳು ಆ ಸಲ ಕೋಠಿಗಳಲ್ಲೇ ಬಿದ್ದವು. ಕೊಳ್ಳುವವರು ಇರಲಿಲ್ಲ. ದೊಡ್ಡ ಗಿರಾಕಿ ಜರ್ಮನಿ, ಅದೀಗ ಶತ್ರುದೇಶ.

ಜರ್ಮನರಿಗೆ ನಮ್ಮ ಗಂಧ ಯಾತಕ್ಕೆ ಬೇಕಾಗಿತ್ತು? ಸುವಾಸನೆಗೆ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಅದು ಅರ್ಧ ಉತ್ತರ. ಲೈಪ್‌ಜಿಗ್ ಹತ್ತಿರದ ಶಿಮ್ಮೆಲ್ ಕಂಪನಿಯಂಥ ಕಾರ್ಖಾನೆಗಳು ಬಟ್ಟಿ ಇಳಿಸುತ್ತಿದ್ದ ಗಂಧದೆಣ್ಣೆಯಲ್ಲಿ ಬಹಳಷ್ಟು ಹೋಗುತ್ತಿದ್ದದ್ದು ಔಷಧದಂಗಡಿಗೆ. ಸಣ್ಣ ಸಣ್ಣ ಜೆಲಟಿನ್ ಗುಳಿಗೆಗಳಲ್ಲಿ ತುಂಬಿದ ಆ ಎಣ್ಣೆಯನ್ನು ಯುರೋಪು, ಅಮೆರಿಕದ ಗಂಡಸರು ಹೆಂಡತಿಗೂ ಹೇಳದೆ ನುಂಗುತ್ತಿದ್ದರು. ಕಾಯಿಲೆ ಗೊನೋರಿಯಾ. ನಮ್ಮ ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಇಂದಿಗೂ ‘ಗುಪ್ತರೋಗ’ ಎಂದು ಬರೆಸಿಕೊಳ್ಳುವ ಜಾತಿಯದು. ಪೂಜೆ, ಮದುವೆ, ಸೋಪು ಎಂದು ಶ್ರೀಗಂಧದ ಚರಿತ್ರೆ ಹಾಡುವ ನಾವು ಈ ಅಧ್ಯಾಯವನ್ನು ಸಭ್ಯವಾಗಿ ಬಿಟ್ಟುಬಿಟ್ಟಿದ್ದೇವೆ. ಬೆಂಗಳೂರು ಗ್ರಾಮಾಂತರದ ಬಯಲುಸೀಮೆಯಲ್ಲಿ ಬೇಲಿಗಿಡವಾಗಿ ಹುಟ್ಟುವ ಒಂದು ಮರ ಸುಮಾರು ಎಪ್ಪತ್ತು ವರ್ಷ ಲೋಕದ ಔಷಧಕೋಶಗಳಲ್ಲಿ ಕೂತಿದ್ದ ಕತೆ ಅಷ್ಟು ಸಲೀಸಾಗಿ ಬಿಡುವಂಥದ್ದಲ್ಲ.

ಮರದಿಂದಲೇ ಶುರು ಮಾಡೋಣ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಗಂಧವನ್ನು ಯಾರೂ ನೆಡುತ್ತಿರಲಿಲ್ಲ. ಕೋಗಿಲೆ, ಪಿಕಳಾರ, ಗೊರವಂಕ ಹಣ್ಣು ತಿಂದು ಬೇಲಿಸಾಲಿನಲ್ಲಿ ಬೀಜ ಉದುರಿಸುತ್ತಿದ್ದವು. ಹೊಂಗೆ, ಬೇವು, ಲಂಟಾನದ ಮರೆಯಲ್ಲಿ ಸಸಿ ತಲೆ ಎತ್ತುತ್ತಿತ್ತು. ಆ ಮರೆ ಬರೀ ನೆರಳಿಗಲ್ಲ. ಗಂಧ ಅರೆಪರಾವಲಂಬಿ. ತನ್ನ ಎಲೆಯಲ್ಲಿ ಆಹಾರ ತಾನೇ ಮಾಡಿಕೊಳ್ಳುತ್ತದೆ, ಆದರೆ ಬೇರುಗಳನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿ ನೀರನ್ನೂ ಲವಣವನ್ನೂ ಹೀರಿಕೊಳ್ಳುತ್ತದೆ. ಸಸಿಮಡಿಯಲ್ಲಿ ಗಂಧದ ಜೊತೆಗೆ ತೊಗರಿ ಗಿಡ ಹಾಕುವುದು ಈ ಕಾರಣಕ್ಕೆ. ಹತ್ತು ವರ್ಷದ ಮೇಲೆ ನಡುವಿನಲ್ಲಿ ಚೇಗು ಕಟ್ಟಲು ತೊಡಗುತ್ತದೆ. ಎಣ್ಣೆ ಇರುವುದು ಆ ಚೇಗಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬೇರಿನಲ್ಲಿ. ಆದ್ದರಿಂದಲೇ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಮಲೆನಾಡಿನ ಅಂಚಿನ ಹಾಸನ, ಶಿವಮೊಗ್ಗದ ಗಂಧದಷ್ಟು ಇಲ್ಲಿನದು ಹೆಸರು ಮಾಡಲಿಲ್ಲ ನಿಜ. ಆದರೆ ಒಣ ನೆಲದಲ್ಲಿ, ಮುರಕಲು ಮಣ್ಣಿನಲ್ಲಿ, ನಿಧಾನವಾಗಿ ಬೆಳೆಯುವುದು ಈ ಮರಕ್ಕೆ ಒಗ್ಗಿದ ಬಾಳು.

ಮನೆಮನೆಯಲ್ಲಿ ಇದರ ಬಳಕೆ ದೇವರ ಕೋಣೆಗೆ ನಿಂತದ್ದಲ್ಲ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಬೇಸಿಗೆಯ ಬೆವರುಸಾಲೆಗೆ, ಕೆಂಪಾಗಿ ಎದ್ದ ಕುರುವಿಗೆ, ಮೊಡವೆಗೆ, ಕಾದ ಹಣೆಗೆ. ಬಾವು ಬಂದರೆ ರಕ್ತಚಂದನ ತೇಯುವವರೂ ಉಂಟು. ಅದು ಬೇರೆಯೇ ಮರ, ಕಡಪದ ಬೆಟ್ಟಗಳ ಕಡೆಯದು, ಸುವಾಸನೆಯಿಲ್ಲದ್ದು. ಇನ್ನು ಉರಿಮೂತ್ರ ಆದವರಿಗೆ ‘ಉಷ್ಣ ಆಗಿದೆ’ ಎಂದು ತೇಯ್ದ ಗಂಧವನ್ನು ಎಳನೀರಿಗೋ ಹಾಲಿಗೋ ಕದಡಿ ಕುಡಿಸುತ್ತಿದ್ದರು. ಇದೇನೂ ಹಳ್ಳಿಗರ ಹೊಸ ಕಲ್ಪನೆಯಲ್ಲ. ಚರಕಸಂಹಿತೆ ಔಷಧಗಳನ್ನು ಹತ್ತು ಹತ್ತರ ಗುಂಪುಗಳಾಗಿ ಹೆಣೆಯುವಾಗ ಚಂದನವನ್ನು ದಾಹ ತಣಿಸುವ ಗುಂಪಿನಲ್ಲಿ ಲಾವಂಚ, ಸೊಗದೆ, ಅಮೃತಬಳ್ಳಿಯ ಜೊತೆಗೆ ಇಟ್ಟಿದೆ. ತುರಿಕೆ ನಿಲ್ಲಿಸುವ ಗುಂಪಿನಲ್ಲಿ ಬೇವಿನ ಪಕ್ಕದಲ್ಲಿ ಇಟ್ಟಿದೆ. ಮುಂದೆ ಬಂದ ಚಂದನಾಸವವನ್ನು ವೈದ್ಯರು ಕೊಡುವುದೂ ಮೂತ್ರದ ಉರಿಗೆ, ಮೇಹಕ್ಕೆ. ಬಾವು, ಉರಿ, ಕೆಂಪು, ಕೀವು ಇವೆಲ್ಲ ಒಂದೇ ಸಂಸಾರದ ಮಕ್ಕಳು ಎಂದು ಹಳೆಯ ವೈದ್ಯ ಕಂಡುಕೊಂಡಿದ್ದ. ಅದರ ಹಿಂದೆ ಸೂಕ್ಷ್ಮಾಣು ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ನಿರೀಕ್ಷಿಸುವುದೂ ಅನ್ಯಾಯ.

ಇನ್ನೊಂದು ಮಾತು. ತೇಯ್ದ ಗಂಧ ಬೇರೆ, ಬಟ್ಟಿ ಇಳಿಸಿದ ಎಣ್ಣೆ ಬೇರೆ. ಸಾಣೆಕಲ್ಲಿನಿಂದ ಬರುವುದರಲ್ಲಿ ಎಣ್ಣೆಯ ಅಂಶ ಅತ್ಯಲ್ಪ. ಎಣ್ಣೆಯಾದರೆ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲಿನಷ್ಟು ಸ್ಯಾಂಟಲಾಲ್ ಎಂಬ ಜೋಡಿ ರಾಸಾಯನಿಕ. ಅಜ್ಜಿಯ ಮದ್ದಿಗೂ ಜರ್ಮನಿಯ ಗುಳಿಗೆಗೂ ನಡುವಿನ ಅಂತರ ಈ ಸಾಂದ್ರತೆಯದೇ.

ಈ ಮರಕ್ಕೆ ದೊರೆಯ ಮುದ್ರೆ ಒತ್ತಿದವನು ದೇವನಹಳ್ಳಿಯಲ್ಲಿ ಹುಟ್ಟಿದವನು. 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದ. ಯಾರ ಹೊಲದಲ್ಲಿ ಹುಟ್ಟಿದರೂ ಮರ ಸರಕಾರದ್ದು. ಆ ವರ್ಷವನ್ನು ಗಮನಿಸಬೇಕು. ಕಾರ್ನ್‌ವಾಲಿಸ್‌ನ ಸೇನೆಗೆ ಹಿಂದಿನ ವರ್ಷ ದೇವನಹಳ್ಳಿ, ನಂದಿದುರ್ಗ, ಬೆಂಗಳೂರು ಬಿದ್ದು, ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ ಮೂರು ಕೋಟಿಗೂ ಮಿಕ್ಕಿದ ದಂಡವನ್ನೂ ಒಪ್ಪಿಕೊಂಡ ವರ್ಷ ಅದು. ಖಜಾನೆಗೆ ದುಡ್ಡು ಬೇಕಿತ್ತು. ಟಿಪ್ಪು ಹೋದ, ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು, ಮತ್ತೆ ಒಡೆಯರು ಬಂದರು. ಈ ಒಂದು ಆಜ್ಞೆಯನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರಕಾರದ ಅಪ್ಪಣೆಯಂತೆ ಈ ಸೀಮೆಯನ್ನು ಅಳೆಯುತ್ತಾ ಹೋದ. ಕೋಲಾರ, ನಂದಿ, ದೊಡ್ಡಬಳ್ಳಾಪುರದ ಮೇಲೆ ಹಾದು ಬೆಳೆ, ಮಣ್ಣು, ನೇಯ್ಗೆ, ಗಿಡಮರ ಕಂಡದ್ದನ್ನೆಲ್ಲ ಬರೆದುಕೊಂಡ. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಹೈನೆ ದೇಶಿ ವೈದ್ಯಗ್ರಂಥಗಳನ್ನು ಇಂಗ್ಲಿಷಿಗೆ ತರುವ ಹುಚ್ಚು ಹತ್ತಿಸಿಕೊಂಡಿದ್ದ. ಇಂಥವರು ಕೂಡಿಟ್ಟ ತಿಳಿವಳಿಕೆಯ ಮೇಲೆಯೇ ಮದರಾಸು ಸೇನೆಯ ಸರ್ಜನ್ ವೈಟ್‌ಲಾ ಐನ್‌ಸ್ಲಿ 1813ರಲ್ಲಿ ಒಂದು ಔಷಧಕೋಶ ಅಚ್ಚು ಹಾಕಿಸಿದ. 1826ರಲ್ಲಿ ಅದನ್ನೇ ಬೆಳೆಸಿ ಲಂಡನ್ನಿನಲ್ಲಿ ಎರಡು ಸಂಪುಟವಾಗಿ ತಂದ. ಗಂಧದ ಪುಡಿಯನ್ನು ಹಾಲಿನಲ್ಲಿ ಬೆರೆಸಿ ನಾಟಿ ವೈದ್ಯರು ಗೊನೋರಿಯಾಕ್ಕೆ ಕೊಡುತ್ತಾರೆಂದು ಐನ್‌ಸ್ಲಿ ದಾಖಲಿಸಿದ್ದಾನೆ. ಯಾವ ವೈದ್ಯರು, ಯಾವ ಊರಿನವರು ಎಂಬ ಹೆಸರುಗಳಿಗೆ ಅಂಥ ಪುಸ್ತಕಗಳಲ್ಲಿ ಜಾಗವಿಲ್ಲ. ಹೇಳಿಕೊಟ್ಟವರೆಲ್ಲ ‘ನೇಟಿವ್ ಡಾಕ್ಟರ್’ ಎಂಬ ಒಂದೇ ಹೆಸರಿನಲ್ಲಿ ಕರಗಿಹೋಗಿದ್ದಾರೆ.

ಪುಸ್ತಕದಲ್ಲಿದ್ದದ್ದು ಆಸ್ಪತ್ರೆಗೆ ಬರಲು ಇನ್ನೂ ನಲವತ್ತು ವರ್ಷ ಹಿಡಿಯಿತು. 1865ರಲ್ಲಿ ಗ್ಲಾಸ್ಗೊ ನಗರದ ಹೆಂಡರ್ಸನ್ ಎಂಬ ವೈದ್ಯ, ಗಂಧದೆಣ್ಣೆ ಗೊನೋರಿಯಾ ರೋಗಿಗಳಿಗೆ ಗುಣ ಕೊಡುತ್ತದೆ ಎಂದು ಬರೆದ. ಅಷ್ಟುಹೊತ್ತಿಗೆ ಯುರೋಪಿನ ವೈದ್ಯರು ಕೊಡುತ್ತಿದ್ದದ್ದು ದಕ್ಷಿಣ ಅಮೆರಿಕದ ಕೊಪೈಬಾ ರಾಳ ಮತ್ತು ಜಾವಾದ ಬಾಲಮೆಣಸು. ಎರಡೂ ಹೊಟ್ಟೆ ಕೆಡಿಸುತ್ತಿದ್ದವು. ಕೊಪೈಬಾ ಮೈಮೇಲೆ ಗಂದೆ ಎಬ್ಬಿಸುತ್ತಿತ್ತು, ಉಸಿರಿಗೇ ವಾಸನೆ ಹತ್ತಿಸುತ್ತಿತ್ತು, ಅಂದರೆ ರೋಗಿಯ ಗುಟ್ಟು ರಟ್ಟಾಗುತ್ತಿತ್ತು. ಗಂಧದೆಣ್ಣೆ ಇವೆರಡಕ್ಕಿಂತ ಸಾಧು. ರಕ್ತದಿಂದ ಮೂತ್ರಪಿಂಡಕ್ಕೆ ಹೋಗಿ ಮೂತ್ರದ ಜೊತೆ ಹೊರಬೀಳುವಾಗ ದಾರಿಯುದ್ದಕ್ಕೂ ಪೊರೆಯ ಉರಿಯೂತವನ್ನು ತಗ್ಗಿಸುತ್ತಿತ್ತು, ಸೂಕ್ಷ್ಮಾಣುಗಳನ್ನು ಒಂದಿಷ್ಟು ಅಡಗಿಸುತ್ತಿತ್ತು. ಪ್ಯಾರಿಸ್ಸಿನ ‘ಸ್ಯಾಂಟಲ್ ಮಿದಿ’ ಗುಳಿಗೆಗಳ ಜಾಹೀರಾತು ಪತ್ರಿಕೆಗಳ ತುಂಬ ಹರಡಿತು. ಬ್ರಿಟಿಷ್ ಔಷಧಕೋಶದಲ್ಲಿ ಗಂಧದೆಣ್ಣೆಗೆ ಜಾಗ ಸಿಕ್ಕಿತು.

ಈ ಕಾಯಿಲೆಯ ಕತೆಯಲ್ಲಿ ಬೆಂಗಳೂರಿನ ಇನ್ನೊಂದು ಮುಖವೂ ಇದೆ. 1809ರಲ್ಲಿ ಶ್ರೀರಂಗಪಟ್ಟಣದ ಜ್ವರ ತಾಳಲಾರದೆ ಇಂಗ್ಲಿಷ್ ಪಡೆ ಇಲ್ಲಿಗೆ ಬಂದು ದಂಡು ಹೂಡಿತು. ದಂಡು ಇದ್ದಲ್ಲಿ ಈ ಕಾಯಿಲೆ ಇತ್ತು. ಸೈನಿಕರನ್ನು ಕಾಪಾಡುವ ನೆಪದಲ್ಲಿ ‘ಲಾಕ್ ಆಸ್ಪತ್ರೆ’ಗಳು ಹುಟ್ಟಿದವು, ಪರೀಕ್ಷೆಗೆ, ಬಂಧನಕ್ಕೆ ಒಳಗಾದವರು ಸೈನಿಕರಲ್ಲ, ಹೆಂಗಸರು. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಇಪ್ಪತ್ತು ವರ್ಷದ ಪ್ರತಿಭಟನೆಯ ನಂತರ 1888ರಲ್ಲಿ ಅದು ರದ್ದಾಯಿತು. ಈ ನಡುವೆಯೇ ರೋಗದ ಸೂಕ್ಷ್ಮಾಣುವನ್ನು ಜರ್ಮನಿಯ ಆಲ್ಬರ್ಟ್ ನೈಸರ್ ಗುರುತಿಸಿದ್ದು 1879ರಲ್ಲಿ.

ಎಣ್ಣೆ ರೋಗವನ್ನು ನಿಜವಾಗಿ ವಾಸಿ ಮಾಡುತ್ತಿತ್ತೆ? ಇಲ್ಲ ಎನ್ನುವುದೇ ಸರಿ. ಉರಿ ಇಳಿಯುತ್ತಿತ್ತು, ಸ್ರಾವ ಕಡಿಮೆಯಾಗುತ್ತಿತ್ತು, ರೋಗಿ ಕೆಲಸಕ್ಕೆ ಹೋಗುತ್ತಿದ್ದ. ಸೂಕ್ಷ್ಮಾಣು ಎಷ್ಟೋ ಸಲ ಒಳಗೇ ಉಳಿಯುತ್ತಿತ್ತು. ಆದರೂ ಬೇರೆ ದಾರಿಯಿಲ್ಲದ ಕಾಲದಲ್ಲಿ ಉರಿ ಇಳಿಸುವುದೇ ದೊಡ್ಡ ಉಪಕಾರ.

ಈಗ ಮತ್ತೆ ಕೋಠಿಗೆ ಬರೋಣ. ಮೈಸೂರು ಅರಣ್ಯ ಇಲಾಖೆ ಗಂಧವನ್ನು ಹದಿನೆಂಟು ದರ್ಜೆಗಳಾಗಿ ವಿಂಗಡಿಸುತ್ತಿತ್ತು. ದಪ್ಪ, ನೇರ, ಕುಂದಿಲ್ಲದ ಕೊರಡು ವಿಲಾಯತ್ ಬುದ್, ಅದಕ್ಕಿಂತ ಸ್ವಲ್ಪ ಕಡಿಮೆಯದು ಚೀನಾ ಬುದ್, ಮೂರನೆಯದು ಪಂಜಂ. ಆಮೇಲೆ ಘೋಟ್ಲಾ, ಘಾಟ್ ಬದಲಾ, ಬಗರ್‌ದಾದ್, ಬೇರಿನ ಮೂರು ದರ್ಜೆಗಳು, ಜಜ್‌ಪೋಕಲ್, ಚಿಲ್ತಾಗಳ ಸಾಲು, ಬಸೋಲಾ ಬುಕ್ನಿ, ಕೊನೆಗೆ ಗರಗಸದ ಹೊಟ್ಟು. ಹೊಟ್ಟನ್ನೂ ಬಿಡುತ್ತಿರಲಿಲ್ಲ. ಸಂಸ್ಥಾನದ ಆದಾಯದಲ್ಲಿ ಗಂಧ ಅಂಥ ಭದ್ರವಾದ ಬಾಬತ್ತು. ಕಚ್ಚಾ ಮಾಲು ನಮ್ಮದು, ಬಟ್ಟಿಯಿಂದ ಬರುವ ಲಾಭ ಲೈಪ್‌ಜಿಗ್‌ನದು ಎಂಬ ಲೆಕ್ಕ ದಿವಾನ್ ವಿಶ್ವೇಶ್ವರಯ್ಯನವರಂಥವರ ಕಣ್ಣಿಗೆ ಬೀಳದೆ ಇದ್ದೀತೆ? ಯುದ್ಧ ಅವರ ಕೈಗೆ ನೆಪ ಕೊಟ್ಟಿತು.

ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್, ಕೆಲವೇ ವರ್ಷ ಹಿಂದೆ ಪಾಠ ಶುರು ಮಾಡಿದ್ದ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಮಂದಿರದ, ಬಾಗಿಲು ತಟ್ಟಿದರು. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಜೆ. ಜೆ. ಸಡ್‌ಬರೊ ಮತ್ತು ಎಚ್. ಇ. ವಾಟ್ಸನ್ ಬಟ್ಟಿಯ ಪ್ರಯೋಗಕ್ಕೆ ಇಳಿದರು. ಗಂಧದ ಬಟ್ಟಿ ನೀಲಗಿರಿ ಎಣ್ಣೆಯ ಬಟ್ಟಿಯಂತಲ್ಲ. ಎಣ್ಣೆ ಭಾರವಾದದ್ದು, ಚೇಗಿನ ಕೋಶಗಳಲ್ಲಿ ಬಿಗಿಯಾಗಿ ಅಡಗಿರುವಂಥದ್ದು. ಮರವನ್ನು ಚಕ್ಕೆ ಮಾಡಿ, ಪುಡಿ ಮಾಡಿ, ಹಗಲು ರಾತ್ರಿ ಆವಿ ಹಾಯಿಸುತ್ತಲೇ ಇರಬೇಕು. ಅವಸರ ಮಾಡಿದರೆ ಸ್ಯಾಂಟಲಾಲ್ ಮರದಲ್ಲೇ ಉಳಿಯುತ್ತದೆ, ಔಷಧಕೋಶ ಕೇಳುವ ತೊಂಬತ್ತು ಪಾಲಿನ ಗಡಿ ಮುಟ್ಟುವುದಿಲ್ಲ. ಆ ಗಡಿ ಮುಟ್ಟಿದ ಎಣ್ಣೆ ತೆಗೆದು, 1916ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದವು. ಮಿಕ್ಕ ಕತೆ ಎಲ್ಲರಿಗೂ ಗೊತ್ತು: ಮೈಸೂರು ಸ್ಯಾಂಡಲ್ ಸೋಪು ಮಾಡಿದ ಸೋಸಲೆ ಗರಳಪುರಿ ಶಾಸ್ತ್ರಿಗಳು, ಆ ಸೋಪಿನ ಮೊಟ್ಟೆಯಾಕಾರ, ಶರಭದ ಗುರುತು. ಸೋಪಿಗೆ ಸಿಕ್ಕ ಕೀರ್ತಿಯಲ್ಲಿ, ಕಾರ್ಖಾನೆಯ ಎಣ್ಣೆಗೆ ಮೊದಲ ದಿನದಿಂದಲೂ ಇದ್ದ ಔಷಧದ ಮಾರುಕಟ್ಟೆ ಮರೆತೇಹೋಯಿತು. ಯುದ್ಧಭೂಮಿಯಿಂದ ಲಕ್ಷಾಂತರ ಸೈನಿಕರು ಈ ಕಾಯಿಲೆ ಹೊತ್ತುಕೊಂಡು ಬರುತ್ತಿದ್ದ ಕಾಲದಲ್ಲಿ, ಜರ್ಮನಿಯ ಎಣ್ಣೆ ನಿಂತ ಜಾಗಕ್ಕೆ ಮೈಸೂರಿನ ಎಣ್ಣೆ ಹೋಯಿತು. ಗಿರಾಕಿ ಯಾರೆಂದು ಬಾಟಲಿಯ ಮೇಲೆ ಬರೆಯುವ ಅಗತ್ಯ ಇರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದವರು ತಮ್ಮ ಗಂಧದ ಎಣ್ಣೆಯೂ ಮದ್ದೇ ಎಂದು ಪೈಪೋಟಿಗಿಳಿದರು.

ಇಷ್ಟೆಲ್ಲ ಮುಗಿದದ್ದು ಥಟ್ಟನೆ. 1937ರ ಸುಮಾರಿಗೆ ಸಲ್ಫಾ ಮಾತ್ರೆಗಳು ಗೊನೋರಿಯಾಕ್ಕೆ ಬಂದವು, 1943ರಲ್ಲಿ ಪೆನಿಸಿಲಿನ್. ವಾರಗಟ್ಟಲೆ ಗುಳಿಗೆ ನುಂಗುತ್ತಿದ್ದ ಕಡೆ ಒಂದೆರಡು ಸೂಜಿಮದ್ದು ಸಾಕಾಯಿತು. ಶಿವಮೊಗ್ಗದಲ್ಲಿ ಗಂಧದೆಣ್ಣೆಯ ಇನ್ನೊಂದು ಕಾರ್ಖಾನೆ 1944ರಲ್ಲಿ ತೆರೆದಾಗ, ಮದ್ದಾಗಿ ಆ ಎಣ್ಣೆಗೆ ಇದ್ದ ಬೇಡಿಕೆ ಅದಾಗಲೇ ಕುಸಿಯತೊಡಗಿತ್ತು. ಎಣ್ಣೆ ಪರಿಮಳದ ಲೋಕಕ್ಕೆ ಪೂರ್ತಿ ಸರಿಯಿತು. ಹಾಗೆಂದು ಬಾಗಿಲು ಪೂರಾ ಮುಚ್ಚಲಿಲ್ಲ. ಜರ್ಮನಿಯ ಗಿಡಮೂಲಿಕೆ ಪರಿಶೀಲನಾ ಸಮಿತಿ ‘ಕಮಿಷನ್ ಇ’, ಬಿಳಿಗಂಧವನ್ನು ಮೂತ್ರನಾಳದ ಸೋಂಕಿನಲ್ಲಿ ಪೂರಕ ಚಿಕಿತ್ಸೆಯಾಗಿ ಒಪ್ಪಿತ್ತು. ಮೂತ್ರಪಿಂಡದ ರೋಗ ಇದ್ದವರಿಗೆ ಬೇಡ, ವೈದ್ಯರನ್ನು ಕೇಳದೆ ಆರು ವಾರಕ್ಕಿಂತ ಹೆಚ್ಚು ಬೇಡ ಎಂಬ ಎಚ್ಚರಿಕೆಯೊಂದಿಗೆ. 2005ರಲ್ಲಿ ಜಪಾನಿನ ಸಂಶೋಧಕರು ಸ್ಯಾಂಟಲಾಲ್ ಹೊಟ್ಟೆಹುಣ್ಣಿನ ಸೂಕ್ಷ್ಮಾಣು ಹೆಲಿಕೊಬ್ಯಾಕ್ಟರನ್ನು ತಡೆಯುತ್ತದೆಂದು ತೋರಿಸಿದರು. ಅದು ಪ್ರಯೋಗಶಾಲೆಯ ತಟ್ಟೆಯ ಮಾತು. ಇದನ್ನು ಓದಿ ಅಂಗಡಿಯ ಸುಗಂಧದೆಣ್ಣೆ ಕುಡಿಯಲು ಹೊರಡುವವರು ದಯವಿಟ್ಟು ಹೊರಡಬೇಡಿ.

ಮದ್ದಾಗಿದ್ದ ಮರಕ್ಕೇ ಸೋಂಕು ತಗುಲಿದ ಕತೆ ಇದರ ಜೊತೆಜೊತೆಗೇ ನಡೆದಿದೆ. 1899ರಲ್ಲಿ ಕೊಡಗಿನಲ್ಲಿ ಗಂಧದ ಎಲೆಗಳು ಚಿಕ್ಕದಾಗಿ, ಗಟ್ಟಿಯಾಗಿ, ಟೊಂಗೆಯ ತುದಿಯಲ್ಲಿ ಮೊಳೆಗಳಂತೆ ನಿಮಿರಿ ನಿಲ್ಲುತ್ತಿರುವುದು ಕಂಡಿತು. ಹೂವಿಲ್ಲ, ಹಣ್ಣಿಲ್ಲ, ಎರಡು ಮೂರು ವರ್ಷದಲ್ಲಿ ಮರ ಸಾವು. ಸ್ಪೈಕ್ ರೋಗ ಎಂದು ಹೆಸರಿಟ್ಟರು. ಬರ ಕಾರಣ ಎಂದರು ಕೆಲವರು, ಲಂಟಾನ ಕಾರಣ ಎಂದರು ಕೆಲವರು. ಮೈಸೂರಿನ ಕೃಷಿ ನಿರ್ದೇಶಕ, ಕೆನಡಾದ ಲೆಸ್ಲಿ ಕೋಲ್‌ಮನ್, 1917ರಲ್ಲಿ ರೋಗದ ಟೊಂಗೆಯನ್ನು ಒಳ್ಳೆಯ ಮರಕ್ಕೆ ಕಸಿ ಕಟ್ಟಿ ಇದು ಅಂಟುರೋಗ ಎಂದು ಸಾಧಿಸಿದರು. ವಿಜ್ಞಾನ ಮಂದಿರದಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಜೊತೆಗಾರರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ವೈರಸ್ ಎಂದೇ ಬಹುಕಾಲ ನಂಬಿದ್ದರು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡದ್ದು ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾದಂಥ ಜೀವಿ, ಈಗ ಫೈಟೊಪ್ಲಾಸ್ಮ ಎನ್ನುತ್ತಾರೆ. ಅದಕ್ಕೆ ಮರದ ಕಾಂಡದೊಳಗೆ ಟೆಟ್ರಾಸೈಕ್ಲಿನ್ ಹಾಯಿಸಿ ನೋಡಿದರು. ಗಂಧದೆಣ್ಣೆಯನ್ನು ಔಷಧದಂಗಡಿಯಿಂದ ಓಡಿಸಿದ ಆಂಟಿಬಯೋಟಿಕ್ ಕುಲದ ಮದ್ದೇ ಈಗ ಗಂಧದ ಮರಕ್ಕೆ! ಫಲಿತಾಂಶವೂ ಹಳೆಯ ಗುಳಿಗೆಯದೇ: ಎಲೆ ಸ್ವಲ್ಪ ಕಾಲ ಅಗಲವಾಗುತ್ತದೆ, ಚಿಗುರುತ್ತದೆ, ಆಮೇಲೆ ರೋಗ ಮರಳುತ್ತದೆ.

ರೋಗದಷ್ಟೇ ಹಾನಿ ಮಾಡಿದ್ದು ಟಿಪ್ಪುವಿನ ಆಜ್ಞೆ ಎಂದು ನನ್ನ ಅಭಿಪ್ರಾಯ. ಮರ ಸರಕಾರದ್ದು, ಕಾಯುವ ಹೊಣೆ ರೈತನದು. ಕಳುವಾದರೆ ವಿಚಾರಣೆಗೆ ನಿಲ್ಲಬೇಕಾದವನೂ ಅವನೇ. ನೆಲಮಂಗಲದ ರಾಗಿ ಹೊಲದವನಿಗೆ ಬೇಲಿಯಲ್ಲಿ ಗಂಧದ ಸಸಿ ಕಂಡರೆ ಆಗುತ್ತಿದ್ದದ್ದು ಸಂತೋಷವಲ್ಲ, ಭಯ. ಕಿತ್ತು ಎಸೆಯುವುದೇ ಕ್ಷೇಮ. 1950ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ 4,000 ಟನ್ನಿನಷ್ಟಿದ್ದ ಗಂಧದ ಉತ್ಪಾದನೆ ಶತಮಾನ ಮುಗಿಯುವ ಹೊತ್ತಿಗೆ ಅದರ ಸಣ್ಣ ಪಾಲಿಗೆ ಇಳಿಯಿತು. 1998ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿ ಈ ಮರವನ್ನು ಅಪಾಯದಂಚಿನದೆಂದು ಗುರುತಿಸಿತು. ಕಳ್ಳರ ಕೊಡಲಿ, ವೀರಪ್ಪನ್ ಎಂದು ಪತ್ರಿಕೆಗಳು ಬರೆದವು. ಬೇಲಿಯಲ್ಲಿ ಸದ್ದಿಲ್ಲದೆ ಕಿತ್ತ ಸಸಿಗಳ ಲೆಕ್ಕ ಎಲ್ಲೂ ಬರಲಿಲ್ಲ.

2001ರಲ್ಲಿ ಕರ್ನಾಟಕ ತನ್ನ ಅರಣ್ಯ ಕಾಯಿದೆಯನ್ನು ತಿದ್ದಿ, ಹೊಲದವನೇ ಗಂಧದ ಮರದ ಒಡೆಯ ಎಂದಿತು. ಇನ್ನೂರ ಒಂಬತ್ತು ವರ್ಷ ಹಿಡಿಯಿತು ಆ ಒಂದು ಸಾಲಿಗೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, 1938ರ ಅರಣ್ಯ ಪ್ರಯೋಗಾಲಯದಿಂದ ಬೆಳೆದು ಬಂದದ್ದು, ಹೊಸಕೋಟೆ ತಾಲ್ಲೂಕಿನ ಗೊಟ್ಟಿಪುರದಲ್ಲೂ ನಲ್ಲಾಳದಲ್ಲೂ ಗಂಧದ ತೋಪುಗಳನ್ನು ಸಾಕಿದೆ. ಮರಯೂರು, ಜವ್ವಾದಿ ಬೆಟ್ಟದಂಥ ದೂರದ ನೆಲೆಗಳ ಸಂತತಿಯನ್ನು ತಂದು ಇಲ್ಲಿಯ ಮಣ್ಣಿನಲ್ಲಿ ಬೆಳೆಸಿ, ಯಾವುದು ಬೇಗ ಚೇಗು ಕಟ್ಟುತ್ತದೆ, ಯಾವುದರಲ್ಲಿ ಎಣ್ಣೆ ಹೆಚ್ಚು ಎಂದು ನೋಡುತ್ತಾರೆ. ರೈತರಿಗೆ ಗಂಧ ಬೆಳೆಯುವ ತರಬೇತಿಯನ್ನೂ ಸಂಸ್ಥೆ ಕೊಡುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಈಗ ಹನಿ ನೀರಾವರಿಯ ಗಂಧದ ತೋಟಗಳು ಕಾಣುತ್ತವೆ, ಸುತ್ತ ತಂತಿ ಬೇಲಿ, ಮೂಲೆಯಲ್ಲಿ ಕ್ಯಾಮೆರಾ. ಅಲ್ಲಿ ಕೇಳಿಬರುವ ಮಾತು ಕಿಲೊಗೆ ಎಷ್ಟು, ಚೇಗು ಎಷ್ಟು ವರ್ಷಕ್ಕೆ, ಕಳ್ಳರಿಗೆ ಏನು ಮಾಡುವುದು ಎಂಬುದು. ಉರಿಮೂತ್ರದ ಮಾತು ಯಾರೂ ಎತ್ತುವುದಿಲ್ಲ.